ಮಾರಿ ಸಾಗಿಸುವ ಬಸ್ಸು

“ಓಲ್ಡಾನ್! ಓಲ್ಡಾನ್!” ಎಂದು ಬಸ್ಸು ನಿಲ್ಲಿಸಲು ಮೊದಲು ಕೂಗಿಕೊಂಡವನು ಅವನೇ. ಅದನ್ನು ಕೇಳಿಸಿಕೊಂಡವಳು ಮಲ್ಲಿಗಮ್ಮ ಒಬ್ಬಳೇ. ಅವಳ ಒಂದು ಕಾಲು ಆಗತಾನೆ ನೆಲಕ್ಕೆ ತಾಗಿತ್ತು, ಇನ್ನೊಂದು ಬಸ್ಸಿನ ಮೆಟ್ಟಿಲ ಮೇಲೇ ಇತ್ತು, ಅಷ್ಟರಲ್ಲಿ ಬಸ್ಸು ಜರುಗಿತು. ಸೊಪ್ಪಿನ ಕುಕ್ಕೆ ಕೈಜಾರಿತು. ಹಿಂದಿನ ಚಕ್ರದ ಮುಂದೆಯೇ ಬಾಗಿಲಿದ್ದ ಹಳೇ ಬಸ್ಸು ಅದು. ಚಕ್ರ ಅವಳ ಸೀರೆಯ ಅಂಚನ್ನು ಸವರಿಕೊಂಡು ಉರುಳುವಾಗ ಯಾರೋ ಅವಳ ರಟ್ಟೆಗೆ ಕೈ ಹಾಕಿ, ಮೂಟೆ ಎಳೆದ ಹಾಗೆ ಎಳೆದರು. ಎಳೆದವನೂ ಅವಳೂ ಒಟ್ಟಿಗೆ ಜಲ್ಲಿಯ ಮೇಲೆ ಬಿದ್ದರು. ಎಡಗಾಲಿನ ಒಳಗೆ ಒಣಕಡ್ಡಿ ಮುರಿದ ಹಾಗೆ ಲಟಕ್ಕೆಂದಿತು.

ಅವಳು ತಲೆ ಎತ್ತುವ ಹೊತ್ತಿಗೆ ಜನ ಮುತ್ತಿಬಿಟ್ಟಿದ್ದರು. ಹಾಸನದ ಮಾರ್ಕೆಟ್ಟಿನ ಸ್ಟಾಪು, ಬೆಳಗಿನ ಹೊತ್ತು, ಜನಕ್ಕೇನು ಕಡಿಮೆ? ಅವರ ಕಣ್ಣಿಗೆ ಬಿದ್ದದ್ದು ನೆಲದ ಮೇಲೆ ಒಬ್ಬಳು ಮುದುಕಿ, ಅವಳ ರಟ್ಟೆ ಹಿಡಿದುಕೊಂಡ ಗಡ್ಡದವನು, ಅವನ ಮೈಮೇಲಿನ ನಾರುವ ಕೋಟು. ಮಿಕ್ಕಿದ್ದನ್ನು ಅವರವರೇ ಕಟ್ಟಿಕೊಂಡರು.

“ಹುಚ್ಚ್ ನನ್ಮಗ ಅಜ್ಜೀನ ತಳ್ಬುಟ್ಟ ಕಣ್ರೋ!”

ಒಬ್ಬ ಹೆಲ್ಮೆಟ್ಟಿನಲ್ಲಿ ಬಾರಿಸಿದ. ಇನ್ನೊಬ್ಬ ಕಾಲೆತ್ತಿ ಒದ್ದ. ಛತ್ರಿ ಹಿಡಿದಿದ್ದ ಹೆಂಗಸೊಬ್ಬಳು ಛತ್ರಿಗೂ ಕೆಲಸ ಕೊಟ್ಟಳು. ಕೈ ಖಾಲಿ ಇದ್ದವರು ಮೊಬೈಲು ಎತ್ತಿ ಹಿಡಿದರು. ಅವನು ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮುದುರಿ ಬಿದ್ದು, “ಕಾಲು... ಕಾಲು...” ಎನ್ನುತ್ತಿದ್ದ.

“ಅವ ತಳ್ಳಿಲ್ಲ ಕಣ್ರಪ್ಪಾ! ಎಳ್ಕಂಡ! ಚಕ್ರಕ್ಕೆ ಸಿಗೋಳ್ನ ಎಳ್ಕಂಡ ಕಣ್ರಪ್ಪಾ!” ಮಲ್ಲಿಗಮ್ಮ ಇದ್ದ ಉಸಿರನ್ನೆಲ್ಲ ಕೂಡಿಸಿ ಕಿರುಚಿದಳು.

ಪಕ್ಕದಲ್ಲಿ ನಿಂತಿದ್ದವನು ಬಗ್ಗಿ ಸಮಾಧಾನ ಹೇಳಿದ. “ಸುಮ್ಕಿರಜ್ಜಿ. ನಿಂಗೋಸ್ಕರಾನೇ ಒಡೀತಾ ಇರಾದು.”

ಆಗ ಜನರನ್ನು ಸೀಳಿಕೊಂಡು ಕಂಡಕ್ಟರ್ ಚಂದ್ರಮೌಳಿ ಬಂದ. ಮಲ್ಲಿಗಮ್ಮನಿಗೆ ಹೋದ ಜೀವ ಬಂದಂತಾಯಿತು. ದಿನಾ ಮೊಸಳೆ ಎಂಬ ಊರಿನ ಹತ್ತಿರ ಅವಳಿಗಾಗಿ ಸ್ಟಾಪಿಲ್ಲದ ಕಡೆ ಬಸ್ಸು ನಿಲ್ಲಿಸುವವನು ಅವನು. “ಅವ್ವ, ಕುಕ್ಕೆ ಇಲ್ಲಿ ಕೊಡು” ಎಂದು ಕೈ ನೀಡುವವನು. ಇನ್ನು ಬಿಡಿಸುತ್ತಾನೆ ಅಂದುಕೊಂಡಳು. ಚಂದ್ರಮೌಳಿ ಬಗ್ಗಿದ. ಬಿದ್ದವನ ಕೊರಳಿಗೆ ಕೈ ಹಾಕಿ, ಅಲ್ಲಿ ತೂಗಾಡುತ್ತಿದ್ದ ವಿಷಲ್ಲನ್ನು ದಾರದ ಸಮೇತ ಕಿತ್ತುಕೊಂಡ. ಜೇಬಿಗೆ ಹಾಕಿಕೊಂಡು ಹಿಂದಕ್ಕೆ ಸರಿದು ನಿಂತ. ಹೊಡೆತ ಮುಂದುವರಿಯಿತು.

ಮಲ್ಲಿಗಮ್ಮನಿಗೆ ಕಾಲಿನ ನೋವು ಆಗ ಗೊತ್ತಾಗಲಿಲ್ಲ.

ಆ ಕೋಟಿನವನು ಯಾರು, ಯಾವ ಊರಿನವನು ಎಂದು ಯಾರಿಗೂ ಗೊತ್ತಿರಲಿಲ್ಲ. ಹೊಳೆನರಸೀಪುರದ ಬಸ್ ಸ್ಟಾಂಡಿನ ಕಲ್ಲುಬೆಂಚಿನ ಕೆಳಗೆ ಮಲಗುತ್ತಿದ್ದ. ಹಾಸನಕ್ಕೆ ಹೋಗುವ ಬಸ್ಸು ಹತ್ತುತ್ತಿದ್ದ, ಅದೇ ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದ. ಮೊದಮೊದಲು ಕಂಡಕ್ಟರುಗಳು ನಾಯಿ ಓಡಿಸಿದಂತೆ ಓಡಿಸಿದರು. ಆಮೇಲೆ ಹೆಂಗಸರಿಗೆ ಬಸ್ಸು ಫ್ರೀ ಆಯಿತು. ಒಳ್ಳೆಯದೇ ಆಯಿತು, ಮನೆಯ ಹೊಸಿಲು ದಾಟದಿದ್ದವರೂ ದಾಟಿದರು, ಮಲ್ಲಿಗಮ್ಮನ ಸೊಪ್ಪೂ ಹಾಸನ ಕಂಡಿತು. ಜನ ಹೆಚ್ಚಿದ ಹಾಗೆ ಬಸ್ಸು ಮಾತ್ರ ಹೆಚ್ಚಲಿಲ್ಲ. ಟಿಕೆಟ್ ಮೆಷಿನ್ನು ಹಿಡಿದು ನಡುವಿನಲ್ಲಿ ಸಿಕ್ಕಿಕೊಂಡ ಕಂಡಕ್ಟರು ಸ್ಟಾಪು ಬಂದಾಗ ಬಾಗಿಲಿಗೆ ಬರಬೇಕೆಂದರೆ ಹತ್ತಾರು ಮೈಗಳನ್ನು ಈಜಬೇಕು.

ಅಂಥದ್ದೊಂದು ದಿನ ಬಾಗಿಲ ಕಂಬಿ ಹಿಡಿದಿದ್ದ ಆ ಮನುಷ್ಯ “ರೈಟ್!” ಎಂದ. ಡ್ರೈವರ್ ಕೀರ್ತಿರಾಜ್ ಬಸ್ಸು ಬಿಟ್ಟ. ಬಸ್ಸಿಗೆ ಬಸ್ಸೇ ನಕ್ಕಿತು. “ನಮ್ ಚಂದ್ರಮೌಳಿಗಿಂತ ಇವ್ನೇ ವಾಸಿ ಕಣ್ರೀ” ಎಂದು ಯಾರೋ ಅಂದರು. ನಾಲ್ಕು ದಿನ ಕಳೆದ ಮೇಲೆ ಚಂದ್ರಮೌಳಿ ತನ್ನ ಹಳೇ ವಿಷಲ್ಲೊಂದನ್ನು ಅವನ ಕೊರಳಿಗೆ ಕಟ್ಟಿದ. ಅಲ್ಲಿಂದ ಅವನು ರೈಟಪ್ಪನಾದ. ಸಂಬಳ ಕೇಳದ, ರಜೆ ಕೇಳದ, ಹೆಸರನ್ನೂ ಹೇಳದ ಆಳು. ಇನ್ನೆಲ್ಲಿ ಸಿಕ್ಕಾನು?

ಅವನಿಗೆ ಅವನದೇ ಒಂದು ಕ್ರಮ ಇತ್ತು. ಇಳಿಯುವವರ ಮುಖ ನೋಡುತ್ತಿರಲಿಲ್ಲ. ಬಗ್ಗಿ ಪಾದ ನೋಡುತ್ತಿದ್ದ. ಕೊನೆಯವರ ಎರಡೂ ಪಾದ ನೆಲಕ್ಕೆ ತಾಗಿದ ಮೇಲೆಯೇ ವಿಷಲ್ಲು, ಆಮೇಲೆ “ರೈಟ್”. ಮಲ್ಲಿಗಮ್ಮ ಇಳಿಯುವುದು ನಿಧಾನ. ಅವನು ಕಾಯುತ್ತಿದ್ದ. ಒಂದೊಂದು ದಿನ ಅವಳು ಬಾಳೆಹಣ್ಣು ಕೊಡುತ್ತಿದ್ದಳು. ಸಿಪ್ಪೆ ಸಮೇತ ತಿನ್ನುತ್ತಿದ್ದ.

ಎಲ್ಲ ದಿನವೂ ಹಾಗೆ ಇರುತ್ತಿರಲಿಲ್ಲ ಅನ್ನುವುದೂ ದಿಟವೇ. ಕೆಲವು ದಿನ ಕರೆಂಟು ತಂತಿ ನೋಡಿಕೊಂಡು ಬೈಯುತ್ತಿದ್ದ, ಕಂಬಿಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಒಮ್ಮೆ ಮಲ್ಲಿಗಮ್ಮನ ಮೊಮ್ಮಗಳು ಕವನಾಳ ಕಾಲೇಜು ಬ್ಯಾಗನ್ನು ಹಿಡಿದು ಬಿಡದೆ ಏನೇನೋ ಅರಚಿದ್ದ. ಹುಡುಗಿ ಅಳುತ್ತಾ ಮನೆಗೆ ಬಂದಿತ್ತು. ಹೆಣ್ಣುಮಕ್ಕಳು ಚಂದ್ರಮೌಳಿಗೆ ದೂರು ಹೇಳಿದರೆ, “ಅವ ಏನೂ ಮಾಡಲ್ಲ ಬುಡಮ್ಮ” ಎಂದು ನಕ್ಕುಬಿಡುತ್ತಿದ್ದ. ಇವನಿಗೆ ಮೈ ಸರಿಯಿಲ್ಲ, ಒಬ್ಬ ಡಾಕ್ಟರಿಗೆ ತೋರಿಸೋಣ ಅನ್ನುವ ಮಾತು ಆ ಬಸ್ಸಿನಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ತೋರಿಸಿ ವಾಸಿ ಮಾಡಿಬಿಟ್ಟರೆ ಬಾಗಿಲು ಕಾಯುವವರು ಯಾರು?

ಮಲ್ಲಿಗಮ್ಮ ಬಿದ್ದ ಆ ದಿನ ಹಿಂದಿನ ಬಸ್ಸು ಮುಂದಕ್ಕೆ ನುಗ್ಗಿ ಜನ ಹತ್ತಿಸಿಕೊಳ್ಳುತ್ತಿತ್ತು. ಮಲ್ಲಿಗಮ್ಮ ಕೊನೆಯಲ್ಲಿ ಇಳಿಯುತ್ತಿದ್ದಳು. ರೈಟಪ್ಪ ಅವಳ ಪಾದ ನೋಡುತ್ತಿದ್ದ.

“ಲೇ ರೈಟಪ್ಪಾ, ಬಾಯ್ಗೆ ಕಡುಬು ತುರ್ಕಂಡಿದ್ದೀಯೇನ್ಲಾ? ಬುಡ್ಸಲಾ ಗಾಡೀನ!” ನಡುವಿನಿಂದ ಚಂದ್ರಮೌಳಿ ಕೂಗಿದ್ದ.

“ಕಾಲು... ಕಾಲು...” ಎಂದಿದ್ದ ರೈಟಪ್ಪ.

“ನಿನ್ ಕಾಲ್ಗೆ ಬೆಂಕಿ ಬೀಳ, ಬುಡ್ಸಲಾ ಅಂದ್ರೆ!”

ರೈಟಪ್ಪ ಕಣ್ಣು ಮುಚ್ಚಿಕೊಂಡು ವಿಷಲ್ಲು ಊದಿದ. ಊದಿದ ಮೇಲೆ ಕಣ್ಣು ಬಿಟ್ಟು “ಓಲ್ಡಾನ್” ಎಂದು ಕೂಗಿ ಹಾರಿದ. ಬಾಗಿಲಲ್ಲಿದ್ದ ಮಲ್ಲಿಗಮ್ಮನಿಗೆ ಇಬ್ಬರ ಮಾತೂ ಕೇಳಿಸಿತ್ತು. ಬಸ್ಸಿನ ಗದ್ದಲದಲ್ಲಿ ಬೇರೆ ಯಾರು ಕೇಳಿಸಿಕೊಂಡಿದ್ದರೋ, ಕೇಳಿಸಿಕೊಂಡವರು ಯಾರೂ ಬಾಯಿ ಬಿಡಲಿಲ್ಲ.

ಮಲ್ಲಿಗಮ್ಮ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮೊಸಳೆಯ ಪಕ್ಕದ ತನ್ನ ಹಳ್ಳಿಗೆ ಬಂದು ಮಲಗಿದ ಮೇಲೆ, ಚಂದ್ರಮೌಳಿ ಕಿತ್ತಳೆಹಣ್ಣಿನ ಚೀಲ ಹಿಡಿದು ಬಂದ. ಜೊತೆಗೆ ಬಸ್ ಸ್ಟಾಂಡಿನ ಕಂಟ್ರೋಲರ್ ಗಂಗಾಧರಯ್ಯನವರು. ಮಗ ಅಶೋಕ ಪ್ಲಾಸ್ಟಿಕ್ ಕುರ್ಚಿ ಹಾಕಿದ. ಗೋಡೆಯ ಮೇಲಿನ ಬುದ್ಧ, ಅಂಬೇಡ್ಕರರ ಫೋಟೋಗಳನ್ನು ಗಂಗಾಧರಯ್ಯ ಒಮ್ಮೆ ನೋಡಿ ಕುಳಿತರು. ಸೊಸೆ ಸಂಘಮಿತ್ರಾ ಕಾಫಿ ತಂದಾಗ, “ಈಗ್ತಾನೆ ಕುಡಿದ್ನಮ್ಮ” ಎಂದರು. ಚಂದ್ರಮೌಳಿ ಮಾತ್ರ ತೆಗೆದುಕೊಂಡು ಕುಡಿದ.

“ನೋಡಮ್ಮ,” ಗಂಗಾಧರಯ್ಯ ಶುರುಮಾಡಿದರು, “ನಾಳಿದ್ದು ಡಿಪೋದಿಂದ ಸಾಹೇಬ್ರು ಬರ್ತಾರೆ. ಏನಾಯ್ತು ಅಂತ ಕೇಳ್ತಾರೆ. ಹುಚ್ಚ ತಳ್ಳಿದ ಅಂದ್ಬಿಡು. ನಿಂಗೂ ಪರಿಹಾರ ಬರ್ತದೆ, ಇವನ ಕೆಲ್ಸಾನೂ ಉಳೀತದೆ. ಯಾರಿಗೂ ನಷ್ಟ ಇಲ್ಲ.”

“ಯಾರ್ಗೂ ಇಲ್ವಾ?”

“ಹುಚ್ಚಂಗೆ ಎಂಥ ನಷ್ಟಮ್ಮ? ಅವನಿಗೇನು ಮನೆಯಾ, ಮಠವಾ?”

“ಈಗ ಎಲ್ಲವ್ನೆ ಅವ?”

ಗಂಗಾಧರಯ್ಯ ನಕ್ಕರು. “ಸಾಗಾಕಿದ್ದಾಯ್ತು. ಸ್ಟೇಷನ್ನಿನೋರು ಒಂದಿನ ಕೂರಿಸ್ಕೊಂಡಿದ್ರು. ಕೇಸು ಅಂದ್ರೆ ಡಾಕ್ಟ್ರು, ಕೋರ್ಟು ಅಂತ ಅವರೇ ಅಲೀಬೇಕಲ್ಲ. ನಿಮ್ಮ ಬಸ್ಸಿನೋನು, ನೀವೇ ನೋಡ್ಕಳಿ ಅಂದ್ರು. ಬೇರೆ ಊರಿನ ಬಸ್ಸು ಹತ್ತಿಸಿದ್ವಿ. ಅಲ್ಲಿಯೋರಿಗೆ ಬೇಡ ಅಂದ್ರೆ ಇನ್ನೊಂದೂರಿಗೆ ಹತ್ತಿಸ್ತಾರೆ. ನಮಗೂ ಹಂಗೇ ಅಲ್ವಾ ಅವನು ಬಂದಿದ್ದು? ನಡೆಯೋದೇ ಹಂಗೆ.”

ಚಂದ್ರಮೌಳಿ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕುಳಿತ. “ಅವ್ವ, ನನ್ನ ಸಸ್ಪೆಂಡ್ ಮಾಡ್ತಾರೆ. ನಿನ್ನ ಕಾಲಿಗೆ ಬೀಳ್ತೀನಿ.” ಅವನ ಕಣ್ಣಲ್ಲಿ ನೀರಿತ್ತು, ಅದು ನಾಟಕದ ನೀರಲ್ಲ. ಮಲ್ಲಿಗಮ್ಮ ಅವನ ಶರ್ಟಿನ ಜೇಬು ನೋಡಿದಳು.

ಅವರು ಹೋದ ಮೇಲೆ ಅಶೋಕ ಅಂದ, “ಯೋಳಾಕೇನವ್ವ ನಿಂಗೆ? ಅಂಥೋನ್ನ ಬಸ್ಸೊಳಿಕ್ಕೆ ಬುಟ್ಟಿದ್ದೇ ತಪ್ಪು. ನಮ್ ಮಗೀಗೇ ಎಂಗ್ ಎದುರ್ಸಿದ್ದ, ಮರ್ತೋಯ್ತಾ?”

ಓದುತ್ತಾ ಕುಳಿತಿದ್ದ ಕವನಾ ತಲೆಯೆತ್ತಿದಳು. “ನಂಗೆ ಅವನ್ನ ಕಂಡ್ರೆ ಈಗ್ಲೂ ಭಯಾನೇ ಅಪ್ಪ. ಅದಕ್ಕೆ ಅಜ್ಜಿ ಸುಳ್ಳು ಹೇಳ್ಬೇಕಾ?” ಎಂದಳು. “ಆ ವಿಡಿಯೋ ನಮ್ಮ ಕ್ಲಾಸಿನ ಗ್ರೂಪಿಗೂ ಬಂದಿತ್ತು. ಅವನಿಗೆ ಹೊಡೆಯೋದೇ ಇದೆ, ಅದಕ್ಕೆ ಮುಂಚಿಂದು ಒಂಚೂರೂ ಇಲ್ಲ.”

ಮಲ್ಲಿಗಮ್ಮ ಸೂರು ನೋಡುತ್ತಾ ಮಲಗಿದ್ದಳು. ‘ಸಾಗಾಕಿದ್ದಾಯ್ತು’ ಎಂಬ ಮಾತು ಅವಳನ್ನು ತವರಿಗೆ ಎಳೆದುಕೊಂಡು ಹೋಗಿತ್ತು. ಮಲ್ಲಿಪಟ್ಟಣದ ಕಡೆಯ ಹಳ್ಳಿ. ಮಕ್ಕಳಿಗೆ ಸಿಡುಬು ಏಳುತ್ತಿದ್ದ ಕಾಲ. ಆಗ ಊರಿನವರು ಸೇರಿ ಮಾರಿ ಸಾಗಿಸುತ್ತಿದ್ದರು. ಮೊರದಲ್ಲಿ ಬೇವಿನ ಸೊಪ್ಪು, ಸವೆದ ಪೊರಕೆ, ಒಡೆದ ಬಳೆ, ಕುಂಕುಮ ಮೆತ್ತಿದ ಮಣ್ಣಿನ ಬೊಂಬೆ. ಪೂಜೆ ಮಾಡುವವರು ಊರಿನವರು, ಹೊರುವವನು ಕೇರಿಯವನು. ಅವಳಪ್ಪ ಪಾಪಯ್ಯನ ತಲೆಯ ಮೇಲೆ ಮೊರ ಇಡುತ್ತಿದ್ದರು. ತಮಟೆ ಬಡಿದುಕೊಂಡು ಊರೆಲ್ಲ ಗಡಿಯವರೆಗೆ ಅಟ್ಟಿಕೊಂಡು ಹೋಗುತ್ತಿತ್ತು. ಅಪ್ಪ ಗಡಿ ದಾಟಿ, ಪಕ್ಕದೂರಿನ ಹೊಲದಲ್ಲಿ ಮೊರ ಇಳಿಸಿ, ತಿರುಗಿ ನೋಡದೆ ಬರಬೇಕು. ಬಂದವನನ್ನು ಕೆಲವು ದಿನ ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ. ಪಕ್ಕದೂರಿನವರು ಬೆಳಿಗ್ಗೆ ಎದ್ದು ನೋಡಿ, ಶಾಪ ಹಾಕಿ, ತಮ್ಮ ಕೇರಿಯವನ ತಲೆಗೆ ಏರಿಸಿ ಅದರಾಚೆಯ ಊರಿಗೆ ದಾಟಿಸುತ್ತಿದ್ದರು. ಒಂದು ಸಲ ಅದೇ ಬೊಂಬೆ, ಅದೇ ಮೊರ, ಊರೂರು ಸುತ್ತಿ ಇವರ ಗಡಿಗೇ ಬಂದು ಕುಳಿತಿತ್ತು. ಮತ್ತೆ ಅಪ್ಪನನ್ನೇ ಕರೆದರು.

ಅಪ್ಪ ಹೆಚ್ಚು ಮಾತಿನವನಲ್ಲ. ಆ ಸಲ ಮಾತ್ರ ಬೂದಿ ಹಾಕಿ ತಲೆ ಉಜ್ಜಿಕೊಳ್ಳುತ್ತಾ ಅಂದಿದ್ದ: “ಬೊಂಬೆ ಭಾರ ಇರ್ನಿಲ್ಲ ಕಣ್ ಮಗಾ. ಇಂದ್ಗಡೆ ನಿಂತ್ಕಂಡು ನೋಡ್ತಿದ್ರಲ್ಲ, ಅದು ಭಾರ.”

ಡಿಪೋದ ಸಾಹೇಬರು ಹೇಳಿದ ದಿನವೇ ಬಂದರು. ಕನ್ನಡಕದ, ಮೆತ್ತನೆ ಮಾತಿನ ಮನುಷ್ಯ. ಗಂಗಾಧರಯ್ಯ ಕುರ್ಚಿಯಲ್ಲಿ, ಚಂದ್ರಮೌಳಿ ಬಾಗಿಲ ಬಳಿ. ಮಲ್ಲಿಗಮ್ಮ ಗೋಡೆಗೆ ಒರಗಿ ಕುಳಿತಳು. ಬಾಯಿಗೆ ಒಡೆಯರನ್ನು ಕರೆಯುವ ಹಳೇ ‘ಬುದ್ಧಿ’ ಎಂಬ ಮಾತೇ ಬರುತ್ತಿತ್ತು. ಹಾಗೆ ಅನ್ನಕೂಡದೆಂದು ಕವನಾ ಕಟ್ಟಪ್ಪಣೆ ಮಾಡಿದ್ದಳು.

“ಹೆದರಬೇಡಿ ತಾಯಿ. ಆ ಮಾನಸಿಕ ಅಸ್ವಸ್ಥ ನಿಮ್ಮನ್ನ ತಳ್ಳಿದ, ಅಲ್ವಾ?”

“ನೀವೇ ಯೋಳ್ಬುಟ್ರೆ ನಾನೇನ್ ಯೋಳ್ಲಿ ಸಾ?”

ಸಾಹೇಬರು ಪೆನ್ನು ಕೆಳಗಿಟ್ಟರು. “ಸರಿ. ನೀವೇ ಹೇಳಿ.”

ಅವಳು ಹೇಳಿದಳು. ನಡುವಿನಿಂದ ಬಂದ ಕೂಗು, ‘ಕಾಲು ಕಾಲು’ ಎಂದದ್ದು, ಎರಡನೇ ಕೂಗು, ಮುಚ್ಚಿದ ಕಣ್ಣು, ರಟ್ಟೆ ಹಿಡಿದ ಕೈ. ನಿಧಾನವಾಗಿ, ಸೊಪ್ಪು ಸೋಸಿದ ಹಾಗೆ ಹೇಳಿದಳು.

“ವಯಸ್ಸಾದೋರು ಸಾರ್, ಬಿದ್ದ ಗಾಬರೀಲಿ...” ಗಂಗಾಧರಯ್ಯ ಬಾಯಿ ಹಾಕಿದರು.

“ನಂಗೆ ಮುರ್ದಿರಾದು ಕಾಲು ಕಣ್ರೀ, ಕಿವಿಯಲ್ಲ.” ಅವಳ ದನಿ ಏರಿತು. ಆ ಮನೆಯಲ್ಲಿ ಅವಳ ದನಿ ಅಷ್ಟು ಏರಿದ್ದನ್ನು ಅಶೋಕ ಕೇಳಿರಲಿಲ್ಲ. “ಬಾಗ್ಲಲ್ಲಿ ನಿಲ್ಲುಸ್ಕಂಡು ದುಡುಸ್ಕಳಾಗ ಅವ ಹುಚ್ಚ ಅಲ್ಲ, ನಾನು ಬಿದ್ದಾಗ ಹುಚ್ಚನಾದ್ನಾ? ಎಣ್ಣೈಕ್ಳು ಭಯ ಆಯ್ತದೆ ಅಂದಾಗ ನಗಾಡುದ್ರಿ. ಅವತ್ತೇ ಅವನ್ನ ಡಾಕ್ಟ್ರತ್ರ ಕರ್ಕಂಡೋಗಿದ್ರೆ ಐಕ್ಳ ಭಯಾನೂ ಓಗದು, ಅವ್ನೂ ಮನ್ಸ ಆಗನು. ಆಸ್ಪತ್ರೆಗೆ ಕರ್ಕಂಡೋಗಾಕೆ ನಿಮ್ತಾವ ಒಂದು ಜೀಪಿಲ್ಲ. ಗಡಿ ದಾಟ್ಸಾಕೆ ಬೇಕಾದಂಗೆ ಬಸ್ಸವೆ! ನಮ್ಮಪ್ಪನ ತಲೆ ಮ್ಯಾಲೆ ಒರ್ಸಿದ್ರಿ, ಅವ ಒತ್ತ. ಈಗ ನನ್ ನಾಲ್ಗೆ ಮ್ಯಾಲೆ ಒರ್ಸಾಕ್ ಬಂದಿದ್ದೀರಾ? ನಾ ಒರಾಕಿಲ್ಲ.”

ಸಾಹೇಬರಿಗೆ ಅಪ್ಪನ ಮಾತು ಅರ್ಥವಾಗಲಿಲ್ಲ. ಗಂಗಾಧರಯ್ಯನವರಿಗೆ ಅರ್ಥವಾಯಿತು, ಅವರು ನೆಲ ನೋಡಿದರು.

“ಅವನ ಕೊಳ್ಳಲ್ಲಿ ವಿಷಲ್ಲಿತ್ತು ಸಾ. ಜನ ಒಡೀತಿದ್ರೆ ಬುಡುಸ್ನಿಲ್ಲ ಇವ್ರು, ವಿಷಲ್ಲು ಕಿತ್ಕಂಡ್ರು. ಎಲ್ಲಿ ಅಂತ ಕೇಳಿ.”

ಸಾಹೇಬರು ಬಾಗಿಲ ಕಡೆ ತಿರುಗಿದರು. ಚಂದ್ರಮೌಳಿಯ ಕೈ ತಾನೇ ತಾನಾಗಿ ಜೇಬಿಗೆ ಹೋಗಿತ್ತು. ಹೋದ ಕೈಯನ್ನು ಸುಮ್ಮನೆ ಹೊರತೆಗೆಯಲು ಆಗಲಿಲ್ಲ ಅವನಿಗೆ. ವಿಷಲ್ಲನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. ಹರಿದ ದಾರ ಇನ್ನೂ ಅದಕ್ಕೆ ಅಂಟಿಕೊಂಡಿತ್ತು.

“ಆ ಮನುಷ್ಯನ ಹೆಸರೇನ್ರೀ?” ಸಾಹೇಬರು ಕೇಳಿದರು.

ಕಂಟ್ರೋಲರ್ ಕಂಡಕ್ಟರನ ಮುಖ ನೋಡಿದರು. “ರೈಟಪ್ಪ ಸಾರ್,” ಎಂದ ಚಂದ್ರಮೌಳಿ.

“ಅದು ಹೆಸರೇನ್ರೀ?”

ಸಾಹೇಬರು ಹೆಸರಿನ ಜಾಗ ಖಾಲಿ ಬಿಟ್ಟು ಮುಂದಕ್ಕೆ ಬರೆದರು.

ಎಲ್ಲರೂ ಹೊರಟರು. ಚಂದ್ರಮೌಳಿ ಅಂಗಳದವರೆಗೆ ಹೋದವನು ತಿರುಗಿ ಬಂದು, ಹೊಸಿಲಾಚೆಯೇ ನಿಂತು, “ಚನ್ನರಾಯಪಟ್ಟಣದ ಸ್ಟಾಂಡು ಅವ್ವ,” ಎಂದ. “ನಾನೇ ಹತ್ತಿಸ್ದೆ. ಎಲ್ಲಿಗೆ ಅಂತಾನೂ ಕೇಳ್ನಿಲ್ಲ ಅವ. ಡ್ಯೂಟಿ ಅಂದ್ಕಂಡು ಹತ್ತಿ ಬಾಗ್ಲಲ್ಲೇ ನಿಂತ್ಕಂಡ.” ಮಲ್ಲಿಗಮ್ಮ ಕಿತ್ತಳೆಹಣ್ಣಿನ ಚೀಲವನ್ನು ಸೊಸೆಯ ಕೈಲಿ ವಾಪಸ್ಸು ಕೊಡಿಸಿದಳು. ಹಣ್ಣು ಹಾಗೆಯೇ ಇದ್ದವು.

ಮುಂದೆ ಚಂದ್ರಮೌಳಿ ಸಸ್ಪೆಂಡ್ ಆದ ಸುದ್ದಿ ಬಂತು. ಅದೇ ಬಸ್ಸಿಗೆ ಹೊಸ ಕಂಡಕ್ಟರ್ ಬಂದ. ಮೊಸಳೆಯ ಹತ್ತಿರ ಸ್ಟಾಪಿಲ್ಲದ ಕಡೆ ಬಸ್ಸು ನಿಲ್ಲುವುದು ನಿಂತಿತು. “ಅಜ್ಜಿ ಬಾಯಿಂದ ನಮ್ಗೆಲ್ಲ ಅರ್ಧ ಮೈಲಿ ನಡಿಗೆ” ಎಂದು ಹಳ್ಳಿಯ ಹೆಂಗಸರು ಅವಳಿಗೆ ಕೇಳಿಸುವ ಹಾಗೇ ಆಡಿಕೊಂಡರು. ಪರಿಹಾರದ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಪ್ಲಾಸ್ಟರು ಬಿಚ್ಚಿಸಿಕೊಂಡು ಕೋಲು ಹಿಡಿದು ನಡೆಯುವಂತಾದ ಮೇಲೆ ಮಲ್ಲಿಗಮ್ಮ ಮಗನಿಗೆ, “ಚನ್ರಾಯಪಟ್ಣಕ್ಕೆ ನಡಿ” ಎಂದಳು. ಹಾಸನದ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಕೂರುತ್ತಾರೆ, ರೋಗಿಯ ಜೊತೆ ಯಾರಾದರೂ ಒಬ್ಬರು ಬರಬೇಕು ಎಂದು ಕವನಾ ವಿಚಾರಿಸಿಕೊಂಡು ಬಂದಿದ್ದಳು.

ಅಶೋಕ ದಾರಿಯುದ್ದಕ್ಕೂ ಗೊಣಗಿದ. “ಅವ್ನು ಬರಾಕಿಲ್ಲ ಅಂದ್ರೆ?”

“ಬರಾಕಿಲ್ಲ ಅಂದ್ರೆ ಇನ್ನೊಂದ್ಸಲ ಬರಾದು.”

“ನಿನ್ನ ಗುರ್ತೇ ಸಿಗ್ದಿದ್ರೆ?”

“ನಂಗೆ ಸಿಕ್ತದಲ್ಲ.”

“ಅಲ್ಲಿಂದ್ಲೂ ಸಾಗಾಕ್ಬುಟ್ಟಿದ್ರೆ?”

ಅವಳು ಕಿಟಕಿಯಾಚೆ ನೋಡಿದಳು. ಕೋಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಬಸ್ಸು ಚನ್ನರಾಯಪಟ್ಟಣದ ಸ್ಟಾಂಡಿಗೆ ತಿರುಗಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಇಳಿಯುವವರಿಗಿಂತ ಮೊದಲು ಹತ್ತುವವರು ನುಗ್ಗಿದರು. ಅಶೋಕ ಮುಂದೆ ಇಳಿದು ಕೈ ಚಾಚಿದ. ಮಲ್ಲಿಗಮ್ಮ ಮೆಟ್ಟಿಲಿಗೆ ಬಂದು ಕೆಳಗೆ ನೋಡಿದಳು. ಬಾಗಿಲ ಪಕ್ಕದಲ್ಲಿ ಒಬ್ಬ ಮನುಷ್ಯ ಬಗ್ಗಿ ನಿಂತಿದ್ದ. ಕೋಟು ಇರಲಿಲ್ಲ. ಹುಬ್ಬಿನ ಮೇಲೆ ಒಣಗಿದ ಗಾಯದ ಗೆರೆ ಇತ್ತು. ಒಂದು ಅಂಗೈಯನ್ನು ಬಸ್ಸಿನ ತಗಡಿಗೆ ಒತ್ತಿ ಹಿಡಿದಿದ್ದ, ಅಡ್ಡಾಡುವ ಎಮ್ಮೆಯನ್ನು ನಿಲ್ಲಿಸಿ ಹಿಡಿದವರ ಹಾಗೆ.

“ಏಯ್, ದೂರ ಓಗಲೇ!” ಕಂಡಕ್ಟರ್ ಗದರಿದ. ಅವನು ಕದಲಲಿಲ್ಲ.

“ಬೇಗ ಇಳಿಯಜ್ಜಿ, ಗಾಡಿ ಒರಡ್ಬೇಕು,” ಹಿಂದಿನಿಂದ ಯಾರೋ ತಳ್ಳುವಂತೆ ಅಂದರು. ಡ್ರೈವರು ಹಾರನ್ನು ಒತ್ತಿದ.

ಮಲ್ಲಿಗಮ್ಮ ಅವಸರ ಮಾಡಲಿಲ್ಲ. ಬಲಗಾಲು ಇಳಿಸಿದಳು. ಅವನು ನೋಡಿದ. ಮುರಿದು ಕೂಡಿದ ಎಡಗಾಲು ಇಳಿಸಿದಳು. ಅದನ್ನೂ ನೋಡಿದ. ಬಾಯಿ ತೆರೆಯಲಿಲ್ಲ. ಕೋಲಿನ ತುದಿ ಇನ್ನೂ ಮೆಟ್ಟಿಲ ಮೇಲೆ ಇತ್ತು. ಅದೂ ಕೆಳಗಿಳಿದು ಮಣ್ಣಿಗೆ ಊರುವವರೆಗೆ ಅವನು ಬಸ್ಸಿನ ಮೇಲಿನ ಅಂಗೈ ತೆಗೆಯಲಿಲ್ಲ.